ತಮಟೆ ಮುಚ್ಚಿತು, ಮಗುವಿಗೆ ಕೇಳಿಸಿತೇ?

ನಿಮ್ಮ ತರಗತಿಯಲ್ಲಿ ಒಂದು ಮಗುವಿದೆ ಎಂದುಕೊಳ್ಳಿ. ಹೆಸರು ಕರೆದರೆ ಎರಡನೆಯ ಸಲಕ್ಕೆ ತಿರುಗಿ ನೋಡುತ್ತದೆ. ಉಕ್ತಲೇಖನ ಬರೆಸುವಾಗ ಪಕ್ಕದವರ ಪುಸ್ತಕದ ಕಡೆ ಕಣ್ಣು ಹಾಯಿಸುತ್ತದೆ. ಮಳೆಗಾಲ ಬಂತೆಂದರೆ ಕಿವಿಯಲ್ಲಿ ಹತ್ತಿ. ಆ ಹತ್ತಿ ಯಾವಾಗಲೂ ಒದ್ದೆ. ತಾಯಿಯನ್ನು ವಿಚಾರಿಸಿದರೆ ರೋಣ, ನರಗುಂದ, ಗಜೇಂದ್ರಗಡದ ಕಡೆ ನಿಮಗೆ ಸಿಗಬಹುದಾದ ಉತ್ತರ ಇದು: "ಸಣ್ಣಾಂವ ಇದ್ದಾಗಿಂದ ಕಿವಿ ಸೋರತೈತ್ರೀ ಸರ. ದೊಡ್ಡಾಂವ ಆದಮ್ಯಾಲೆ ಆಪರೇಶನ್ ಮಾಡೂಣು ಅಂದಾರ."

ಮಕ್ಕಳ ಕಿವಿತಮಟೆ ದುರಸ್ತಿಯ ಬಗೆಗಿನ ಮಾತೆಲ್ಲ ಎರಡು ಪದಗಳ ಸುತ್ತ ಸುತ್ತುತ್ತದೆ. ಶಸ್ತ್ರಕ್ರಿಯೆಗೆ ಮೊದಲು 'ಕಾಯಿರಿ', ಅನಂತರ 'ಯಶಸ್ವಿ'. ಎರಡೂ ವೈದ್ಯಶಾಸ್ತ್ರದ ಒಳಗೆ ನಿರ್ದಿಷ್ಟ ಅರ್ಥವುಳ್ಳ ಪದಗಳು. ಆದರೆ ಆಸ್ಪತ್ರೆಯ ಬಾಗಿಲು ದಾಟಿ ಮನೆಗೂ ಶಾಲೆಗೂ ಬರುವಷ್ಟರಲ್ಲಿ ಅರ್ಥ ಬದಲಾಗಿರುತ್ತದೆ. ಈ ಬದಲಾವಣೆಯ ಬೆಲೆಯನ್ನು ತೆರುವುದು ಮಗು. ಆದುದರಿಂದ ಈ ಎರಡು ಪದಗಳನ್ನು ಸ್ವಲ್ಪ ವಿಮರ್ಶೆಗೆ ಒಳಪಡಿಸೋಣ.

ಚಿತ್ರದ ಒಂದು ಗೆರೆ

ಶಾಲಾ ಪುಸ್ತಕದ ಕಿವಿಯ ಚಿತ್ರದಲ್ಲಿ ತಮಟೆ ಒಂದು ಓರೆ ಗೆರೆ ಮಾತ್ರ. ವಿದ್ಯಾರ್ಥಿ ಅದಕ್ಕೆ ಹೆಸರು ಬರೆದು ಅಂಕ ಪಡೆಯುತ್ತಾನೆ. ನಿಜವಾದ ತಮಟೆಯ ವ್ಯಾಸ ಸುಮಾರು 9 ಮಿ.ಮೀ., ದಪ್ಪ ಸುಮಾರು 0.1 ಮಿ.ಮೀ. ಅಷ್ಟು ತೆಳುವಾದ ಪೊರೆಯಲ್ಲಿ ಮೂರು ಪದರಗಳಿವೆ: ಹೊರಗೆ ಚರ್ಮ, ನಡುವೆ ನಾರು, ಒಳಗೆ ಮಧ್ಯಕಿವಿಯ ಲೋಳೆಪೊರೆ.

ಇದರ ಕೆಲಸ ಏನು? ಒಳಕಿವಿಯಲ್ಲಿರುವುದು ದ್ರವ. ಗಾಳಿಯಲ್ಲಿ ಬಂದ ಶಬ್ದ ನೇರವಾಗಿ ದ್ರವಕ್ಕೆ ಬಡಿದರೆ ಅದರ ಬಹುಪಾಲು ಪ್ರತಿಫಲಿಸಿ ಹಿಂದಕ್ಕೆ ಹೋಗುತ್ತದೆ. ಈ ನಷ್ಟವನ್ನು ತುಂಬಿಕೊಡುವುದು ತಮಟೆ ಮತ್ತು ಅದಕ್ಕೆ ಜೋಡಿಸಿಕೊಂಡ ಮೂರು ಮೂಳೆಗಳು: ಸುತ್ತಿಗೆ, ಅಡಿಗಲ್ಲು, ರಿಕಾಪು. ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ತಮಟೆಯ ಕಂಪಿಸುವ ಭಾಗ ಸುಮಾರು 55 ಚದರ ಮಿ.ಮೀ. ರಿಕಾಪಿನ ಪಾದ ಸುಮಾರು 3.2 ಚದರ ಮಿ.ಮೀ. ಎಂದರೆ ಒತ್ತಡ 17 ಪಟ್ಟು ಹೆಚ್ಚುತ್ತದೆ. ಮೂಳೆಗಳ ಸನ್ನೆಯಿಂದ ಇನ್ನೊಂದು 1.3 ಪಟ್ಟು. ಒಟ್ಟು 22 ಪಟ್ಟು. ಡೆಸಿಬೆಲ್‌ನಲ್ಲಿ ಹೇಳಿದರೆ ಸುಮಾರು 27.

ತಮಟೆಯಲ್ಲಿ ರಂಧ್ರವಾದರೆ ಮಗು ಪೂರ್ತಿ ಕಿವುಡಾಗುವುದಿಲ್ಲ. ಜನರ ಭಯ ಇಲ್ಲಿ ತಪ್ಪು. ಆದರೆ ಶಬ್ದ ರಂಧ್ರದ ಮೂಲಕ ತಮಟೆಯ ಹಿಂಬದಿಗೂ ತಲಪುತ್ತದೆ. ಎರಡೂ ಬದಿಯ ಒತ್ತಡದ ಅಂತರ ಕಡಿಮೆಯಾಗಿ ತಮಟೆ ಚೆನ್ನಾಗಿ ಕಂಪಿಸುವುದಿಲ್ಲ. ರಂಧ್ರ ದೊಡ್ಡದಾದಷ್ಟೂ ನಷ್ಟ ಹೆಚ್ಚು. ತಗ್ಗು ಆವೃತ್ತಿಯ ಶಬ್ದಗಳಲ್ಲಿ ಇನ್ನೂ ಹೆಚ್ಚು. ಸಣ್ಣ ರಂಧ್ರದಲ್ಲಿ ನಷ್ಟ ಗಮನಕ್ಕೇ ಬಾರದಿರಬಹುದು, ದೊಡ್ಡದರಲ್ಲಿ 40 ಡೆಸಿಬೆಲ್ ಹತ್ತಿರಕ್ಕೆ ಹೋಗಬಹುದು. ಸೋಂಕಿನಿಂದ ಮೂಳೆಯ ಕೊಂಡಿಯೂ ಸವೆದಿದ್ದರೆ ನಷ್ಟ ಅದನ್ನೂ ಮೀರಬಹುದು.

ಈಗ ತರಗತಿಗೆ ಬನ್ನಿ. ಒಂದು ಮೀಟರ್ ದೂರದಲ್ಲಿ ಸಾಧಾರಣ ಮಾತು ಸುಮಾರು 60 ಡೆಸಿಬೆಲ್. ಹಿಂದಿನ ಸಾಲಿಗೆ ಬರುವಾಗ ಅದು ಇನ್ನೂ ಕ್ಷೀಣ. ಮೇಲೆ ಫ್ಯಾನಿನ ಸದ್ದು, ಮಳೆ ಬಂದರೆ ತಗಡಿನ ಸದ್ದು. ಇದರಲ್ಲಿ 30 ಡೆಸಿಬೆಲ್ ಕಳೆದುಕೊಂಡ ಮಗುವಿಗೆ ಮಾಸ್ತರರು ಮಾತಾಡುತ್ತಿದ್ದಾರೆ ಎಂಬುದು ಕೇಳಿಸುತ್ತದೆ, ಏನು ಹೇಳುತ್ತಿದ್ದಾರೆ ಎಂಬುದು ಕೇಳಿಸುವುದಿಲ್ಲ. ಎರಡೂ ಕಿವಿ ಸೋರುವ ಮಗುವಿನ ಪಾಡು ಇದು. ಇಂಥ ಮಗುವನ್ನು ನಾವು 'ಲಕ್ಷ್ಯ ಕೊಡುವುದಿಲ್ಲ' ಎನ್ನುತ್ತೇವೆ.

ಹೆಸರಿನಲ್ಲೇ ಇದ್ದ ಉದ್ದೇಶ

ಹರಿದ ತಮಟೆಯನ್ನು ಕಸಿಯಿಂದ ಮುಚ್ಚುವ ಪ್ರಯತ್ನ ಹೊಸದಲ್ಲ. 1878ರಲ್ಲಿ ಜರ್ಮನಿಯ ಬರ್ತೋಲ್ಡ್ ಚರ್ಮದ ಕಸಿಯನ್ನು ಬಳಸಿದರು. ಆದರೆ ಇಂದಿನ ರೂಪದ ಶಸ್ತ್ರಕ್ರಿಯೆ ಬೆಳೆದದ್ದು 1950ರ ದಶಕದಲ್ಲಿ, ಅದೇ ದೇಶದ ವುಲ್‌ಸ್ಟೈನ್ ಮತ್ತು ಜೋಲ್ನರ್ ಅವರ ಕೈಯಲ್ಲಿ. ಶಸ್ತ್ರಕ್ರಿಯೆಗೆ ಬಳಸುವ ಸೂಕ್ಷ್ಮದರ್ಶಕವೂ ಪ್ರತಿಜೀವಕಗಳೂ ಆ ಕಾಲಕ್ಕೆ ಒದಗಿದ್ದವು. ಚರ್ಮದ ಬದಲು ಕಿವಿಯ ಮೇಲ್ಭಾಗದ ಕಪಾಲದ ಸ್ನಾಯುವನ್ನು ಹೊದ್ದ ತೆಳು ಪೊರೆಯನ್ನು ಕಸಿಯಾಗಿ ಬಳಸುವ ಪದ್ಧತಿ ಆ ದಶಕದ ಕೊನೆಯಲ್ಲಿ ಬಂತು. ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಅದೇ. ಜೊತೆಗೆ ಕಿವಿಯದೇ ಮೃದ್ವಸ್ಥಿಯ ತೆಳು ಚೂರನ್ನೂ ಬಳಸುತ್ತಾರೆ. ಮಕ್ಕಳಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಟ್ಟು ಇದನ್ನು ಮಾಡಲಾಗುತ್ತದೆ.

ಒಂದು ಸಂಗತಿ ಗಮನಿಸಿ. ತಮಟೆಯನ್ನು ಮಾತ್ರ ಮುಚ್ಚುವುದಕ್ಕೆ ಮಿರಿಂಗೋಪ್ಲಾಸ್ಟಿ ಎಂಬ ಹೆಸರಿದೆ. ಟಿಂಪನೋಪ್ಲಾಸ್ಟಿ ಎಂದರೆ ಮಧ್ಯಕಿವಿಯ ರೋಗವನ್ನು ತೆಗೆದು, ಶಬ್ದ ಸಾಗುವ ದಾರಿಯನ್ನು ಮತ್ತೆ ಕಟ್ಟುವುದು. ವುಲ್‌ಸ್ಟೈನ್ ಅದನ್ನು ಐದು ಬಗೆಗಳಾಗಿ ವಿಂಗಡಿಸಿದಾಗ ನೋಡಿದ್ದು ರಂಧ್ರದ ಅಳತೆಯನ್ನಲ್ಲ. ಮೂಳೆಗಳ ಕೊಂಡಿಯಲ್ಲಿ ಎಷ್ಟು ಉಳಿದಿದೆ, ಕಸಿ ಯಾವುದನ್ನು ಮುಟ್ಟಬೇಕು ಎಂಬುದನ್ನು. ಅಂದರೆ ಈ ಶಸ್ತ್ರಕ್ರಿಯೆ ಹುಟ್ಟಿದ್ದೇ ಕೇಳಿಸುವುದಕ್ಕಾಗಿ. ರಂಧ್ರ ಮುಚ್ಚುವುದು ಅದರ ಸಾಧನ, ಗುರಿಯಲ್ಲ.

ಯಶಸ್ಸು ಎಂಬ ಅಂಕಿ

ಹಾಗಾದರೆ ಯಶಸ್ಸನ್ನು ಹೇಗೆ ಎಣಿಸುತ್ತಿದ್ದಾರೆ? ವೈದ್ಯಕೀಯ ಸಾಹಿತ್ಯದಲ್ಲಿ ಮಕ್ಕಳ ತಮಟೆ ದುರಸ್ತಿಯ ಯಶಸ್ಸು ಶೇ. 35ರಿಂದ ಶೇ. 94ರವರೆಗೆ ಹರಡಿಕೊಂಡಿದೆ. ಒಂದೇ ಶಸ್ತ್ರಕ್ರಿಯೆಗೆ ಇಷ್ಟು ಅಂತರವಿದ್ದರೆ ವಿಜ್ಞಾನದ ವಿದ್ಯಾರ್ಥಿ ಮೊದಲು ಕೇಳಬೇಕಾದ ಪ್ರಶ್ನೆ, ಎಲ್ಲರೂ ಅಳೆದದ್ದು ಒಂದನ್ನೇ ಏನು ಎಂಬುದು.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಮೀಕ್ಷೆಗಳು ಸ್ವಲ್ಪ ಬೆಳಕು ಕೊಡುತ್ತವೆ. ಮಕ್ಕಳದ್ದನ್ನೇ ನೋಡಿದ 2015ರ ಒಂದು ಸಮೀಕ್ಷೆಯಲ್ಲಿ ರಂಧ್ರ ಮುಚ್ಚಿದ ಪ್ರಮಾಣ ಸರಾಸರಿ ಸುಮಾರು ಶೇ. 83. ಎಲ್ಲ ವಯಸ್ಸಿನ 26,097 ರೋಗಿಗಳನ್ನು ಒಳಗೊಂಡ 214 ಅಧ್ಯಯನಗಳ 2016ರ ಸಮೀಕ್ಷೆಯಲ್ಲಿ ಶೇ. 86.6, ಅದರಲ್ಲಿ ಮಕ್ಕಳ ಫಲಿತಾಂಶ ದೊಡ್ಡವರಿಗಿಂತ ಸುಮಾರು ಶೇ. 6ರಷ್ಟು ಕಡಿಮೆ. ಮೃದ್ವಸ್ಥಿಯ ಕಸಿ ಪೊರೆಯ ಕಸಿಗಿಂತ ಕೊಂಚ ಮೇಲು ಎಂದೂ ಕಂಡುಬಂತು. ಇವು ಒಳ್ಳೆಯ ಅಂಕಿಗಳೇ. ತಂದೆ ತಾಯಿ ಹೆದರಬೇಕಾದ ಶಸ್ತ್ರಕ್ರಿಯೆ ಇದಲ್ಲ ಎಂಬುದಕ್ಕೆ ಇವೇ ಸಾಕ್ಷಿ.

ಆದರೆ ಈ ಅಂಕಿಗಳು ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ರಂಧ್ರ ಮುಚ್ಚಿತೇ? ತಾಯಿ ಕೇಳುವ ಪ್ರಶ್ನೆ ಬೇರೆ: ಕೇಳಿಸುತ್ತದೆಯೇ? ಕಸಿ ಹಿಡಿದರೂ ಮೂಳೆಯ ಕೊಂಡಿ ಸಡಿಲವಿದ್ದರೆ ಕೇಳಿಸುವುದಿಲ್ಲ. ಮಧ್ಯಕಿವಿಯಲ್ಲಿ ಮತ್ತೆ ದ್ರವ ತುಂಬಿದರೆ ಮುಚ್ಚಿದ ತಮಟೆಯ ಹಿಂದೆಯೂ ಕೇಳುವಿಕೆ ಮಂದವಾಗುತ್ತದೆ. ಹೀಗಾಗಿ ಒಳ್ಳೆಯ ವರದಿಗಳು ರಂಧ್ರದ ಜೊತೆಗೆ ಶ್ರವಣವನ್ನೂ ಅಳೆದು ಹೇಳುತ್ತವೆ. ಗಾಳಿಯ ಮೂಲಕ ಕೇಳುವ ಮಟ್ಟ ಮತ್ತು ಮೂಳೆಯ ಮೂಲಕ ಕೇಳುವ ಮಟ್ಟ, ಇವುಗಳ ಅಂತರ 20 ಡೆಸಿಬೆಲ್‌ಗಿಂತ ಕಡಿಮೆಯಾಯಿತೇ ಎಂದು ನೋಡುತ್ತವೆ. ಈ ಅಂತರದ ಕಲ್ಪನೆ ನಿಮ್ಮ ಶಾಲೆಯ ಶ್ರುತಿಕವೆಯಿಂದಲೇ ಸಿಗುತ್ತದೆ. ಕಂಪಿಸುತ್ತಿರುವ 512 ಹರ್ಟ್ಸ್ ಕವೆಯ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ, ಆಮೇಲೆ ಅದರ ಕವಲುಗಳನ್ನು ಕಿವಿಯ ಮುಂದೆ ಹಿಡಿಯಿರಿ. ಆರೋಗ್ಯವಂತ ಕಿವಿಗೆ ಗಾಳಿಯಲ್ಲಿ ಹಿಡಿದದ್ದೇ ಜೋರು. ಮೂಳೆಗೆ ತಾಗಿಸಿದ್ದು ಜೋರಾಗಿ ಕೇಳಿಸಿದರೆ ತೊಂದರೆ ತಮಟೆಯ ಅಥವಾ ಮಧ್ಯಕಿವಿಯ ದಾರಿಯಲ್ಲಿರುವ ಸಂಭವವಿದೆ.

ಇನ್ನೊಂದು ದೋಷ ಲೆಕ್ಕದ್ದು. ಒಂದು ಕಾಲ್ಪನಿಕ ಉದಾಹರಣೆ ನೋಡಿ. 100 ಮಕ್ಕಳಿಗೆ ಶಸ್ತ್ರಕ್ರಿಯೆ ಆಯಿತು. ಆರು ತಿಂಗಳ ನಂತರ 60 ಮಕ್ಕಳು ತಪಾಸಣೆಗೆ ಬಂದರು. ಅವರಲ್ಲಿ 51 ಮಕ್ಕಳ ರಂಧ್ರ ಮುಚ್ಚಿತ್ತು. 60ಕ್ಕೆ 51 ಎಂದರೆ ಶೇ. 85 ಯಶಸ್ಸು. ಆದರೆ ಬಾರದ 40 ಮಕ್ಕಳ ಗತಿ? ಗುಣವಾಗಿದ್ದರಿಂದ ಬಾರದಿರಬಹುದು, ಮತ್ತೆ ಸೋರಿದ್ದರಿಂದ ಬೇಸತ್ತು ಬಾರದಿರಬಹುದು. ನಿಜವಾದ ಪ್ರಮಾಣ ಶೇ. 51ರಿಂದ ಶೇ. 91ರ ನಡುವೆ ಎಲ್ಲಾದರೂ ಇರಬಹುದು. ಯಾವುದೇ ವರದಿ ಓದುವಾಗ ಛೇದದಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಕಾಲದ ನಂತರ ನೋಡಿದರು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಮೂರು ತಿಂಗಳಿಗೆ ಮುಚ್ಚಿಕೊಂಡಿದ್ದ ಕಸಿ ಎರಡು ವರ್ಷಕ್ಕೆ ಮತ್ತೆ ಹರಿಯಬಹುದು.

ಈ ಪ್ರಶ್ನೆ ಗದಗ ಜಿಲ್ಲೆಯ ಈ ತಾಲ್ಲೂಕುಗಳಿಗೆ ಪುಸ್ತಕದ ಪ್ರಶ್ನೆಯಲ್ಲ. ಮಳೆಯನ್ನೇ ನಂಬಿದ ಎರೆಹೊಲದ ಊರುಗಳಿಂದ ಬೆಳೆ ಕೈಕೊಟ್ಟ ವರ್ಷ ಕುಟುಂಬಗಳು ಗೋವೆಗೆ, ಮಂಗಳೂರಿಗೆ ಗುಳೆ ಹೋಗುವುದು ನಿಮಗೆ ಗೊತ್ತು. ತಂದೆ ತಾಯಿಯೊಡನೆ ಮಗುವೂ ಹೋಗುತ್ತದೆ. ಆಸ್ಪತ್ರೆಯ ಪುಸ್ತಕದಲ್ಲಿ ಅದು 'ಬಾರದ ಮಗು'.

'ಕಾಯಿರಿ' ಎಂದರೆ ಏನು ಮಾಡಿರಿ?

ಮಕ್ಕಳಲ್ಲಿ ಕಾಯುವ ಸಲಹೆಗೆ ಕಾರಣಗಳಿವೆ. ಮೂಗಿನ ಹಿಂಬದಿಯಿಂದ ಮಧ್ಯಕಿವಿಗೆ ಹೋಗುವ ಯೂಸ್ಟೇಷಿಯನ್ ನಾಳ ಹುಟ್ಟಿದಾಗ ದೊಡ್ಡವರ ನಾಳದ ಅರ್ಧದಷ್ಟು ಉದ್ದ, ಇಳಿಜಾರೂ ಕಡಿಮೆ. ನೆಗಡಿಯಾದರೆ ಸೋಂಕು ಸುಲಭವಾಗಿ ಮೇಲೇರುತ್ತದೆ. ಅಡಿನಾಯ್ಡ್ ಊದಿಕೊಂಡಿದ್ದರೆ ನಾಳದ ಬಾಯಿ ಕಟ್ಟುತ್ತದೆ. ಸುಮಾರು ಏಳು ವರ್ಷದ ಹೊತ್ತಿಗೆ ನಾಳ ದೊಡ್ಡವರದರ ಹತ್ತಿರಕ್ಕೆ ಬರುತ್ತದೆ. ಅದಕ್ಕೆ ಮೊದಲು ಕಸಿ ಹಾಕಿದರೆ ಮುಂದಿನ ನೆಗಡಿಯಲ್ಲೇ ಹಾಳಾದೀತು ಎಂಬುದು ವೈದ್ಯರ ಆತಂಕ. ವಯಸ್ಸು ಹೆಚ್ಚಿದಂತೆ ಫಲಿತಾಂಶ ಉತ್ತಮ ಎಂದು 1999ರ ಒಂದು ಒಟ್ಟು ವಿಶ್ಲೇಷಣೆ ಹೇಳಿತು. ಆದರೆ ವಯಸ್ಸೊಂದೇ ನಿರ್ಣಾಯಕವಲ್ಲ ಎಂದು ಕಂಡ ಅಧ್ಯಯನಗಳೂ ಅನೇಕ. ರಂಧ್ರದ ಗಾತ್ರ, ಇನ್ನೊಂದು ಕಿವಿಯ ಸ್ಥಿತಿ, ಶಸ್ತ್ರಕಾರರ ಅನುಭವ, ಇವೂ ತೂಗುತ್ತವೆ. ಆದುದರಿಂದ ಇಂಥ ವಯಸ್ಸಿಗೇ ಮಾಡಬೇಕು ಎಂಬ ಗೆರೆಯನ್ನು ಶಾಸ್ತ್ರ ಎಳೆದಿಲ್ಲ.

ವೈದ್ಯರು 'ಕಾಯಿರಿ' ಎಂದಾಗ ಅದರಲ್ಲಿ ಅಡಗಿರುವುದು ಕೆಲಸಗಳ ಒಂದು ಪಟ್ಟಿ: ಕಿವಿಯನ್ನು ಒಣಗಿಸಿ ಇಡಿ, ಸೋರಿದಾಗ ಔಷಧದ ಹನಿ ಹಾಕಿಸಿ, ಮೂಗು ಮತ್ತು ಅಡಿನಾಯ್ಡ್ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ, ಕೆಲವು ತಿಂಗಳಿಗೊಮ್ಮೆ ಬನ್ನಿ. ಮನೆಯಲ್ಲಿ 'ಕಾಯಿರಿ' ಎಂದರೆ ಸುಮ್ಮನಿರಿ ಎಂದಾಗುತ್ತದೆ. ಸುಮ್ಮನಿದ್ದ ಆ ಜಾಗಕ್ಕೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬರುತ್ತದೆ, ಬೆಂಕಿಕಡ್ಡಿ ಬರುತ್ತದೆ, ಪಿನ್ನು ಬರುತ್ತದೆ. ರಂಧ್ರವಿರುವ ಕಿವಿಗೆ ಹಾಕಿದ ಎಣ್ಣೆ ನೇರವಾಗಿ ಮಧ್ಯಕಿವಿಗೆ ಇಳಿಯುತ್ತದೆ. ತಲೆ ಎರೆದುಕೊಳ್ಳುವಾಗ, ಕೆರೆ ಬಾವಿಯಲ್ಲಿ ಈಜುವಾಗ ನೀರೂ ಇಳಿಯುತ್ತದೆ. ಕಾಯುವ ಕಾಲದಲ್ಲಿ ಕಿವಿ ಸುಧಾರಿಸುವ ಬದಲು ಕೆಡುತ್ತದೆ.

ಕಾಯಲೇಬಾರದ ಕಿವಿಯೂ ಒಂದಿದೆ. ಕೆಲವರಲ್ಲಿ ತಮಟೆಯ ಮೇಲ್ಭಾಗ ಅಥವಾ ಅಂಚು ಒಳಕ್ಕೆ ಸೆಳೆದುಕೊಂಡು, ಅಲ್ಲಿ ಚರ್ಮದ ಪದರಗಳು ಗಂಟುಗಟ್ಟಿ ಸುತ್ತಲಿನ ಮೂಳೆಯನ್ನು ಸವೆಸುತ್ತವೆ. ಇದಕ್ಕೆ ಕೊಲೆಸ್ಟಿಯಟೋಮಾ ಎನ್ನುತ್ತಾರೆ. ಸೋರುವುದು ಸ್ವಲ್ಪವೇ, ಆದರೆ ಕೊಳೆತ ವಾಸನೆ. ತಲೆಸುತ್ತು, ಮುಖ ಸೊಟ್ಟಗಾಗುವುದು, ತೀವ್ರ ತಲೆನೋವು, ಜ್ವರ, ಕಿವಿಯ ಹಿಂದೆ ಬಾವು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. 'ದೊಡ್ಡಾಂವ ಆಗಲಿ' ಎಂಬ ಮಾತು ಇಲ್ಲಿ ಜೀವಕ್ಕೇ ಎರವಾದೀತು.

ಹೆಚ್ಚು ತೊಂದರೆಯ ವಿಷಯ ಇನ್ನೊಂದಿದೆ. ಐದನೆಯ ವರ್ಷದಿಂದ ಹತ್ತನೆಯ ವರ್ಷದವರೆಗೆ ಕಾಯಿರಿ ಎಂದರೆ, ಓದು ಬರಹ ಕಲಿಯುವ ವರ್ಷಗಳೆಲ್ಲ ಅದರೊಳಗೇ ಕಳೆದವು. ಕಿವಿ ಕಾಯಬಹುದು, ಮೂರನೆಯ ತರಗತಿ ಕಾಯುವುದಿಲ್ಲ. ಶಸ್ತ್ರಕ್ರಿಯೆಯನ್ನು ಮುಂದಕ್ಕೆ ಹಾಕುವುದು ಸರಿಯಾದ ವೈದ್ಯಕೀಯ ತೀರ್ಮಾನವೇ ಇರಬಹುದು. ಆದರೆ ಕೇಳಿಸುವಂತೆ ಮಾಡುವ ಏರ್ಪಾಟನ್ನೂ ಜೊತೆಗೇ ಮುಂದಕ್ಕೆ ಹಾಕುವುದಕ್ಕೆ ಶಾಸ್ತ್ರದ ಆಧಾರವಿಲ್ಲ. ಮುಂದಿನ ಸಾಲಿನ ಜಾಗ, ಬೇಕಾದರೆ ತಾತ್ಕಾಲಿಕ ಶ್ರವಣ ಸಾಧನ, ಇವಕ್ಕೆ ಹತ್ತು ವರ್ಷ ತುಂಬಬೇಕಾಗಿಲ್ಲ.

ಕಳುಹಿಸಿದ ಮೇಲೆ

ಕಿವಿ ಸೋರುವುದು ಸಣ್ಣ ಸಂಗತಿಯಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನರ ಕಿವಿ ಸೋರುತ್ತದೆ, ಅವರಲ್ಲಿ ಶೇ. 60ರಷ್ಟು ಜನರಿಗೆ ಶ್ರವಣದೋಷವಿದೆ. ಕೆಳಗಿನ ಅಂಕಿಗೂ ಮೇಲಿನದಕ್ಕೂ ಐದು ಪಟ್ಟು ಅಂತರ ಇರುವುದೇ ನಾವು ಎಷ್ಟು ಕಡಿಮೆ ಎಣಿಸಿದ್ದೇವೆ ಎಂಬುದನ್ನು ತೋರಿಸುತ್ತದೆ. ಸಮುದಾಯದಲ್ಲಿ ಶೇ. 4ಕ್ಕಿಂತ ಹೆಚ್ಚು ಜನರಿಗೆ ಈ ರೋಗವಿದ್ದರೆ ತುರ್ತು ಗಮನ ಬೇಕು ಎಂಬುದು ಆ ಸಂಸ್ಥೆಯ ಮಾನದಂಡ. ಭಾರತವನ್ನು ಅದು ಸೇರಿಸಿದ್ದು ಆ ಗುಂಪಿನಲ್ಲೇ.

ವ್ಯವಸ್ಥೆ ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅದು ಹುಡುಕುವ ರೋಗಗಳ ಪಟ್ಟಿಯಲ್ಲಿ ಮಧ್ಯಕಿವಿಯ ಸೋಂಕೂ ಇದೆ, ಶ್ರವಣದೋಷವೂ ಇದೆ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 1957ರಿಂದ ಇದೆ. ಗದಗಿಗೂ 2015ರಲ್ಲಿ ವೈದ್ಯಕೀಯ ಕಾಲೇಜು ಬಂತು. ಹಿಂದೆ ರೋಣ ತಾಲ್ಲೂಕಿನ ಭಾಗವಾಗಿದ್ದ ಗಜೇಂದ್ರಗಡ ಈಗ ಬೇರೆ ತಾಲ್ಲೂಕು. ದಾರಿ ಮೊದಲಿಗಿಂತ ಹತ್ತಿರವಾಗಿದೆ.

ಆದರೂ ದಾರಿ ಒಂದೇ ದಿನದ್ದಲ್ಲ. ಕಿವಿ ತೋರಿಸಲು ಒಂದು ದಿನ, ಶ್ರವಣ ಪರೀಕ್ಷೆಗೆ ಒಂದು ದಿನ, ಕಿವಿ ಒಣಗಿದ ಮೇಲೆ ಮತ್ತೊಂದು ದಿನ, ಶಸ್ತ್ರಕ್ರಿಯೆಗೆ ಕೆಲವು ದಿನ, ಪಟ್ಟಿ ಬಿಚ್ಚಲು, ಮತ್ತೆ ತಪಾಸಣೆಗೆ. ಪ್ರತಿ ಸಲವೂ ಒಬ್ಬ ದೊಡ್ಡವರ ಕೂಲಿ ತಪ್ಪುತ್ತದೆ, ಬಸ್ಸಿನ ಖರ್ಚು ಬೀಳುತ್ತದೆ. ಶಸ್ತ್ರಕ್ರಿಯೆ ಉಚಿತವಾದರೂ ಈ ಓಡಾಟ ಉಚಿತವಲ್ಲ. ಪಟ್ಟಿಯಲ್ಲಿ ಮಗುವಿನ ಹೆಸರ ಮುಂದೆ 'ಕಳುಹಿಸಲಾಗಿದೆ' ಎಂದು ಬರೆದ ಕೂಡಲೇ ನಮಗೆಲ್ಲ ಕೆಲಸ ಮುಗಿದಂತೆ ಅನ್ನಿಸುತ್ತದೆ. 'ತಲಪಿತೇ', 'ಮುಚ್ಚಿತೇ', 'ಕೇಳಿಸಿತೇ' ಎಂಬ ಮೂರು ಪ್ರಶ್ನೆಗಳು ಅದರ ನಂತರವೇ ಆರಂಭವಾಗಬೇಕು.

ಶಾಲೆಯ ಪಾಲು

ಮೂರನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಮುಖ್ಯವಾಗಿ ನೀವೇ, ಶಿಕ್ಷಕರು. ಶಸ್ತ್ರಕಾರರು ಮಗುವನ್ನು ನೋಡುವುದು ನಾಲ್ಕಾರು ಸಲ. ನೀವು ನೋಡುವುದು ದಿನವೂ.

ಸರಳವಾದ ಪಿಸುಮಾತಿನ ಪರೀಕ್ಷೆಯೊಂದಿದೆ. ಮಗುವಿನ ಹಿಂದೆ ಒಂದು ತೋಳಿನಷ್ಟು ದೂರ, ಸುಮಾರು 60 ಸೆಂ.ಮೀ., ನಿಂತುಕೊಳ್ಳಿ. ಒಂದು ಕಿವಿಯ ಮುಂದಿನ ಸಣ್ಣ ಮೃದ್ವಸ್ಥಿಯನ್ನು ಮೆಲ್ಲಗೆ ಒತ್ತಿ ಉಜ್ಜುತ್ತ ಆ ಕಿವಿಯನ್ನು ಮರೆಮಾಡಿ. ಉಸಿರು ಹೊರಬಿಟ್ಟ ಮೇಲೆ ಮೂರು ಅಂಕಿ ಅಥವಾ ಅಕ್ಷರಗಳನ್ನು ಪಿಸುಗುಟ್ಟಿ. ಮಗು ತಿರುಗಿ ಹೇಳಲಿ. ತಪ್ಪಿದರೆ ಬೇರೆ ಮೂರು ಕೊಡಿ. ಆರರಲ್ಲಿ ಮೂರಕ್ಕಿಂತ ಕಡಿಮೆ ಸರಿಯಾದರೆ ಆ ಕಿವಿಯನ್ನು ಪರೀಕ್ಷೆಗೆ ಕಳುಹಿಸಿ. ಅಂಕಿಗಳನ್ನು ಪ್ರತಿಸಲ ಬದಲಾಯಿಸಿ. ಇದು ರೋಗನಿರ್ಣಯವಲ್ಲ, ಎಚ್ಚರಿಕೆಯ ಗಂಟೆ ಮಾತ್ರ. ಉಕ್ತಲೇಖನವೂ ಸಾಕ್ಷಿ ಕೊಡುತ್ತದೆ. ಆದರೆ 'ಖ'ವನ್ನು 'ಕ' ಎಂದು ಬರೆದದ್ದನ್ನು ಕಿವಿಯ ದೋಷ ಎನ್ನಬೇಡಿ. ಅದು ನಮ್ಮ ಆಡುಮಾತಿನ ರೂಢಿ. 'ಪ', 'ತ', 'ಕ'ಗಳು ಒಂದರ ಜಾಗಕ್ಕೆ ಇನ್ನೊಂದು ಬರುತ್ತಿದ್ದರೆ ಗಮನ ಕೊಡಿ.

ಶಸ್ತ್ರಕ್ರಿಯೆಯಾಗಿ ಬಂದ ಮಗುವಿಗೆ ವೈದ್ಯರು ಹೇಳಿದಷ್ಟು ದಿನ ಕಿವಿಗೆ ನೀರು ಸೋಕಬಾರದು, ಜೋರಾಗಿ ಮೂಗು ಸೀನಬಾರದು, ಈಜಬಾರದು. ಇದನ್ನು ಆಟದ ಬಯಲಿನಲ್ಲಿ ನೆನಪಿಸುವವರು ನೀವೇ. ಕೆಲವು ತಿಂಗಳ ನಂತರ ಶ್ರವಣ ಪರೀಕ್ಷೆ ಆಯಿತೇ ಎಂದು ಪಾಲಕರನ್ನು ಕೇಳಿ. ಮೊದಲಿನ ಮತ್ತು ನಂತರದ ಚೀಟಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಲು ಹೇಳಿ. ಗುಳೆ ಹೋದ ಊರಿನಲ್ಲಿ ಬೇರೆ ವೈದ್ಯರಿಗೆ ಆ ಎರಡು ಚೀಟಿಗಳೇ ಮಗುವಿನ ಚರಿತ್ರೆ.

ಕೊನೆಯದಾಗಿ ಒಂದು ಅಪ್ರಿಯ ಮಾತು. ಕಪಾಳದ ಮೇಲೆ, ಕಿವಿಗೆ ತಾಗುವಂತೆ ಬೀಸಿದ ಅಂಗೈ ಹೊರಕಿವಿಯ ಗಾಳಿಯನ್ನು ಒಮ್ಮೆಲೆ ಒತ್ತಿ ಆರೋಗ್ಯವಾದ ತಮಟೆಯನ್ನೂ ಹರಿಯಬಲ್ಲದು. ಅಂಥ ಹೊಸ ರಂಧ್ರಗಳು ಹೆಚ್ಚಾಗಿ ವಾರಗಳಲ್ಲಿ, ತಿಂಗಳುಗಳಲ್ಲಿ ತಾವಾಗಿ ಕೂಡಿಕೊಳ್ಳುತ್ತವೆ, ಎಲ್ಲವೂ ಅಲ್ಲ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಕಾಯಿದೆ ಇಲ್ಲದಿದ್ದರೂ 0.1 ಮಿ.ಮೀ. ಎಂಬ ಅಂಕಿಯೊಂದು ನೆನಪಿದ್ದರೆ ಕೈ ತಡೆಯಬೇಕು. ಕೇಳಿಸಲಿಲ್ಲವೆಂದು ಕಿವಿಗೆ ಹೊಡೆಯುವುದಕ್ಕಿಂತ ದೊಡ್ಡ ವಿಪರ್ಯಾಸ ಯಾವುದಿದೆ?

ಕಸಿ ಹಿಡಿಯಿತು ಎಂಬುದು ಶಸ್ತ್ರಕಾರರ ಯಶಸ್ಸು. ಅದು ಸಾಧಾರಣ ಸಾಧನೆಯಲ್ಲ. ಆದರೆ ಹಿಂದಿನ ಸಾಲಿನಲ್ಲಿ ಕುಳಿತ ಆ ಮಗು ಮೊದಲನೆಯ ಸಲಕ್ಕೇ ತಲೆಯೆತ್ತಿ 'ಹೂಂ ರೀ' ಎಂದಾಗ ಮಾತ್ರ ಲೆಕ್ಕ ಪೂರ್ತಿಯಾಗುತ್ತದೆ. ಆ ಅಂಕಿಯನ್ನು ಬರೆದಿಡುವ ಪುಸ್ತಕ ನಿಮ್ಮ ಹಾಜರಿ ಪುಸ್ತಕವೇ. ನಾಳೆ ಹೆಸರು ಕರೆಯುವಾಗ, ಯಾರು ಎರಡನೆಯ ಸಲಕ್ಕೆ ತಿರುಗುತ್ತಾರೆ ಎಂದು ನೋಡಿ.